ಗರಿಗರಿ ನೋಟಿನ ಮೇಲೆ ಒಂದು ಅನುಮಾನ

ಎಂಬತ್ತು ವರ್ಷದ ನೋಟು ನಿನ್ನೆ ಬ್ಯಾಂಕಿನಿಂದ ತಂದಂತೆ ಗರಿಗರಿಯಾಗಿ ಕಂಡರೆ ಕೊಳ್ಳುವವರಿಗೆ ಸಂತೋಷವಾಗುತ್ತದೆ. ಅನುಮಾನ ಶುರುವಾಗಬೇಕಾದದ್ದೂ ಅಲ್ಲಿಯೇ. ಒಗೆದು, ಗಂಜಿ ಕೊಟ್ಟು, ಇಸ್ತ್ರಿ ಹಾಕಿದ ನೋಟೂ ಗರಿಗರಿಯಾಗಿಯೇ ಇರುತ್ತದೆ! ನೋಟು ಅಸಲಿಯೇ ಎಂಬುದು ಒಂದು ಪ್ರಶ್ನೆ; ಅದರ ಈಗಿನ ಸ್ಥಿತಿ ಅಸಲಿಯೇ ಎಂಬುದು ಬೇರೆಯೇ ಪ್ರಶ್ನೆ. ಹೊಸದಾಗಿ ಸಂಗ್ರಹಕ್ಕೆ ಇಳಿದವರು ಮೊದಲನೆಯದನ್ನು ಕೇಳಿ ಎರಡನೆಯದನ್ನು ಮರೆಯುತ್ತಾರೆ.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆ ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿ ಚಲಾವಣೆಯಲ್ಲಿದ್ದದ್ದು ಬ್ರಿಟಿಷ್ ಇಂಡಿಯಾದ ನೋಟುಗಳು. ಹಾಗಾಗಿ ಈ ಕಡೆಯ ಟ್ರಂಕಿನಲ್ಲೋ ಹಳೆಯ ಗಲ್ಲಾಪೆಟ್ಟಿಗೆಯಲ್ಲೋ ಆರನೇ ಜಾರ್ಜ್ ದೊರೆಯ ಮುಖವಿರುವ ನೋಟು ಸಿಕ್ಕರೆ ಆಶ್ಚರ್ಯವಿಲ್ಲ. ರಿಸರ್ವ್ ಬ್ಯಾಂಕ್ ತನ್ನ ಮೊದಲ ನೋಟನ್ನು, ಐದು ರೂಪಾಯಿಯದನ್ನು, ಹೊರಡಿಸಿದ್ದು 1938ರ ಜನವರಿಯಲ್ಲಿ. ಭಾರತದ ನೋಟಿಗೆ ಭದ್ರತಾ ದಾರ ಬಂದದ್ದು 1944ರಲ್ಲಿ, ಯುದ್ಧಕಾಲದಲ್ಲಿ ಜಪಾನಿನ ಖೋಟಾ ನೋಟುಗಳ ಹಾವಳಿಗೆ ಉತ್ತರವಾಗಿ. ಅದಕ್ಕೂ ಮೊದಲಿನ ನೋಟಿನಲ್ಲಿ ದಾರ ಕಾಣಲಿಲ್ಲವೆಂದು ಅದನ್ನು ಖೋಟಾ ಎನ್ನಬೇಕಿಲ್ಲ.

ನೋಟಿನ ಕಾಗದ ಹತ್ತಿಯ ನಾರಿನದು. ಹತ್ತಿ ಎಂದರೆ ಬಹುತೇಕ ಶುದ್ಧ ಸೆಲ್ಯುಲೋಸ್. ನೋಟನ್ನು ಬಲವಾಗಿ ಮಡಿಸಿದಾಗ ಮಡಿಕೆಯ ಗೆರೆಯಲ್ಲಿ ನಾರುಗಳು ಮುರಿಯುತ್ತವೆ, ಮೇಲಿನ ಶಾಯಿ ಬಿರಿಯುತ್ತದೆ. ತೇವ ಕೊಟ್ಟು ಒತ್ತಿದರೆ ಕಾಗದ ಸಪಾಟಾಗಬಹುದು, ಮುರಿದ ನಾರು ಮಾತ್ರ ಮತ್ತೆ ಕೂಡುವುದಿಲ್ಲ. ಕತ್ತಲೆ ಕೋಣೆಯಲ್ಲಿ ನೋಟನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಬದಿಯಿಂದ, ಕಾಗದಕ್ಕೆ ತಾಗುವಷ್ಟು ಕೆಳಗೆ ಹಿಡಿದು ನೋಡಿ. ಮಾಯವಾಗಿದ್ದ ಮಡಿಕೆ ನೆರಳಿನ ಗೆರೆಯಾಗಿ ಏಳುತ್ತದೆ. 1996ರಿಂದ ಬಂದ ಮಹಾತ್ಮ ಗಾಂಧಿ ಸರಣಿಯ ನೂರು, ಐನೂರರ ನೋಟಿನಂತೆ ಉಬ್ಬು ಮುದ್ರಣ ಇರುವ ಕಡೆ ಇನ್ನೊಂದು ಸುಳಿವೂ ಸಿಗುತ್ತದೆ. ಇಸ್ತ್ರಿಯ ಭಾರಕ್ಕೆ ಶಾಯಿಯ ಉಬ್ಬು ತಗ್ಗಿ ಬೆರಳಿಗೆ ನುಣುಪಾಗಿ ಹತ್ತುತ್ತದೆ.

ಒಗೆದದ್ದನ್ನು ಹಿಡಿಯಲು ನೇರಳಾತೀತ ಟಾರ್ಚು ಬೇಕು. ಸುಮಾರು 365 ನ್ಯಾನೋಮೀಟರ್ ಅಲೆಯುದ್ದದ್ದಾದರೆ ಒಳ್ಳೆಯದು. ಝೆರಾಕ್ಸ್ ಕಾಗದಕ್ಕೆ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ, ಅದು ಈ ಬೆಳಕಿನಲ್ಲಿ ನೀಲಿಯಾಗಿ ಬೆಳಗುತ್ತದೆ. ನೋಟಿನ ಕಾಗದಕ್ಕೆ ಅದನ್ನು ಸೇರಿಸುವುದಿಲ್ಲ, ಆದ್ದರಿಂದ ಅದು ಮಂಕಾಗಿಯೇ ಉಳಿಯುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತದೆ. ಅಸಲಿ ನೋಟೊಂದು ಮೈತುಂಬ ನೀಲಿಯಾಗಿ ಮಿನುಗಿದರೆ ಅದು ಸೋಪಿನ ನೀರು ಕಂಡಿದೆ ಎಂದೇ ಲೆಕ್ಕ. ಅಂಗಿಯ ಜೇಬಿನಲ್ಲಿ ಉಳಿದು ಒಗೆಸಿಕೊಂಡ ನೋಟೂ ಹೀಗೆಯೇ ಹೊಳೆಯುತ್ತದೆ, ಆದ್ದರಿಂದ ಹೊಳಪೊಂದನ್ನೇ ಹಿಡಿದು ಖೋಟಾ ಎಂದು ತೀರ್ಪು ಕೊಡಬಾರದು. ಮುದ್ರಣವನ್ನೂ ನೋಡಬೇಕು. ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ: ಭಾಷೆಗಳ ಪಟ್ಟಿಯಲ್ಲಿರುವ ಕನ್ನಡ ಸಾಲನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಓದಿ. ಅಸಲಿಯಲ್ಲಿ ಅಕ್ಷರದ ಗೆರೆ ಕಡಿಯದೆ ಹರಿಯುತ್ತದೆ. ಬಣ್ಣದ ಪ್ರಿಂಟರಿನ ಪ್ರತಿಯಲ್ಲಿ ಅದು ಬೇರೆಬೇರೆ ಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ.

ನಮ್ಮ ನೋಟುಗಳಿಗೆ ಅಂಟಿದ ಒಂದು ಗಾಯವಿದೆ, ಪಿನ್ನಿನ ತೂತು. ಬ್ಯಾಂಕುಗಳು ಕಂತೆಗಳಿಗೆ ಸ್ಟೇಪಲ್ ಹೊಡೆಯುತ್ತಿದ್ದವು. ಅದನ್ನು ನಿಲ್ಲಿಸಿ ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದು 2001ರ ನವೆಂಬರಿನಲ್ಲಿ. ಒಮ್ಮೆಯೂ ಕೈ ಬದಲಾಯಿಸದ ಹಳೆಯ ನೋಟಿನಲ್ಲೂ ಎಡಗಡೆ ತೂತುಗಳಿರುವುದು ಇದರಿಂದಲೇ. ಅಂಥ ತೂತನ್ನು ಅಂಟು, ಕಾಗದದ ಹಿಟ್ಟು ತುಂಬಿ ಮುಚ್ಚಿದ್ದರೆ ಅದು ರಿಪೇರಿ, ಬೆಲೆ ಇಳಿಯಲೇಬೇಕು. ತೂತಿಗಿಂತ ಕೆಟ್ಟದ್ದು ತುಕ್ಕು. ತೇವ ಸೇರಿದಾಗ ಕಬ್ಬಿಣದ ಅಂಶ ಸುತ್ತಲಿನ ಸೆಲ್ಯುಲೋಸನ್ನು ಬೇಗ ಒಡೆಯುತ್ತದೆ, ತೂತಿನ ಅಂಚು ಕಂದಾಗಿ ಪುಡಿಯಾಗುತ್ತದೆ. ಅಡಿಕೆ ಬೆಳೆಯುವ ಚನ್ನಗಿರಿ, ನ್ಯಾಮತಿ ಕಡೆಯವರು ಇನ್ನೊಂದನ್ನೂ ಗಮನಿಸಬೇಕು. ಅಡಿಕೆಯ ಚೊಗರಿನಲ್ಲಿ ಟ್ಯಾನಿನ್ ಇದೆ. ಕಬ್ಬಿಣ ಅದಕ್ಕೆ ಕೂಡಿದರೆ ಹಸಿರುಗಪ್ಪು ಬಣ್ಣ ಹುಟ್ಟುತ್ತದೆ. ಹಾಗಾಗಿ ಪಿನ್ನಿನ ಸುತ್ತ ಕಪ್ಪು ಕಲೆ ಕಂಡ ಕೂಡಲೇ ಶಾಯಿ ಚೆಲ್ಲಿದೆ ಎಂದು ತೀರ್ಮಾನಿಸಬೇಡಿ.

ದರ್ಜೆಯ ಲೆಕ್ಕ ಕಟ್ಟುನಿಟ್ಟಾದದ್ದು. ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್, ಚಲಾವಣೆಯಾಗದ್ದು) ಎಂದರೆ ಮಡಿಕೆಯೇ ಇರಕೂಡದು. ನಡುವೆ ಒಂದು ತೆಳು ಮಡಿಕೆ ಬಿದ್ದರೂ ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್) ದರ್ಜೆಗೆ ಇಳಿಯುತ್ತದೆ. ಮೂರು ತೆಳು ಮಡಿಕೆ ಅಥವಾ ಒಂದು ಗಟ್ಟಿ ಮಡಿಕೆಯವರೆಗೆ ಇಎಫ್ (ಎಕ್ಸ್‌ಟ್ರೀಮ್ಲಿ ಫೈನ್). ಸವೆದ ಅಂಚನ್ನು ಕತ್ತರಿಸಿ ಚೂಪು ಮಾಡುವವರೂ ಇದ್ದಾರೆ, ಅದನ್ನು ಹಿಡಿಯಲು ಮಿಲಿಮೀಟರ್ ಪಟ್ಟಿ ಸಾಕು. ಮಹಾತ್ಮ ಗಾಂಧಿ ಸರಣಿಯ ಮೊದಲ ನೂರರ ನೋಟು 157 ಮಿ.ಮೀ. ಉದ್ದ, 73 ಮಿ.ಮೀ. ಅಗಲ. ಎರಡು ಮಿಲಿಮೀಟರ್ ಕಡಿಮೆಯಿದ್ದರೆ ಮಾರುವವರನ್ನು ಕೇಳಿ.

ಇಡುವ ಜಾಗವೂ ದರ್ಜೆಯನ್ನು ಬದಲಿಸುತ್ತದೆ. ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟಿನ ಭಯ, ಒಣ ಹವೆಯ ಜಗಳೂರಿನಲ್ಲಿ ಕಾಗದ ಪೆಡಸಾಗುವ ಭಯ. ಎಲ್ಲ ಕಡೆಯೂ ಕೆಟ್ಟದ್ದು ಅಗ್ಗದ ಪಿವಿಸಿ ಆಲ್ಬಮ್. ಅದು ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ. ಪಾಲಿಯೆಸ್ಟರ್ ಕವರಿನಲ್ಲಿಡಿ.

ಟ್ರಾಕ್ಟರ್ ಚಿತ್ರದ ಐದರ ನೋಟಿಗೆ, ಕ್ರಮಸಂಖ್ಯೆಯಲ್ಲಿ 786 ಇರುವ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎನ್ನುವವರು ಮೊದಲು ಕೇಳುವುದು ನಿಮ್ಮಿಂದಲೇ ಹಣ, ಕಮಿಷನ್ ಎಂದೋ ತೆರಿಗೆ ಎಂದೋ. ಹಳೆಯ ನೋಟಿನ ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಅಜ್ಜನ ಟ್ರಂಕಿನಲ್ಲಿ ನೋಟು ಸಿಕ್ಕರೆ ಮುಂಗಡ ಕಟ್ಟಬೇಡಿ. ಒಗೆಯಬೇಡಿ, ಇಸ್ತ್ರಿ ಹಾಕಬೇಡಿ, ಟೇಪು ಅಂಟಿಸಬೇಡಿ. ಸಿಕ್ಕಿದ ಹಾಗೆಯೇ ಬಲ್ಲವರಿಗೆ ತೋರಿಸಿ.