ಕೂಳೆಯಿಂದ ಎಥೆನಾಲ್: ಪಾಣಿಪತ್‌ನ ಪ್ರಯೋಗ

ಹರಿಯಾಣದ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥೆನಾಲ್ ತಯಾರಿಸುವ ಘಟಕವನ್ನು ಇಂಡಿಯನ್ ಆಯಿಲ್ ಸಂಸ್ಥೆ ಸ್ಥಾಪಿಸಿದೆ. 900 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಈ ಘಟಕ ವಿಶ್ವ ಜೈವಿಕ ಇಂಧನ ದಿನವಾದ 2022ರ ಆಗಸ್ಟ್ 10ರಂದು ಲೋಕಾರ್ಪಣೆಗೊಂಡಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ತೆಗೆಯುವುದು ಇದರ ಗುರಿ. ಎಂದರೆ ಟನ್ನಿಗೆ ಸುಮಾರು 150 ಲೀಟರ್.

ಎಥೆನಾಲ್‌ಗೆ ವಾಡಿಕೆಯಲ್ಲಿ ಬಳಸುವ ಕಾಕಂಬಿಯಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ. ಹುಲ್ಲಿನಲ್ಲಾದರೆ ಅದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್‌ಗಳ ರೂಪದಲ್ಲಿ ಅಡಗಿದ್ದು, ಲಿಗ್ನಿನ್ ಅದನ್ನು ಗಾರೆಯಂತೆ ಬಿಗಿದಿರುತ್ತದೆ. ಕತ್ತರಿಸಿದ ಹುಲ್ಲನ್ನು ದುರ್ಬಲ ಆಮ್ಲ ಮತ್ತು ಬಿಸಿ ಹಬೆಯಿಂದ ಸಡಿಲಿಸಿ, ಕಿಣ್ವಗಳಿಂದ ಸಕ್ಕರೆಯಾಗಿಸಿ, ಹುದುಗು ಬರಿಸಿ ಬಟ್ಟಿ ಇಳಿಸಲಾಗುತ್ತದೆ. ಉಳಿದ ಲಿಗ್ನಿನ್ ಬಾಯ್ಲರ್‌ಗೆ ಉರುವಲಾಗುತ್ತದೆ.

ಕಠಿಣವಾದ ಕೆಲಸವಿರುವುದು ಗದ್ದೆಯಲ್ಲಿ. ಅಂತರ್ಜಲ ಉಳಿಸಲೆಂದು ಪಂಜಾಬ್, ಹರಿಯಾಣಗಳು 2009ರಲ್ಲಿ ತಂದ ಕಾನೂನುಗಳಿಂದ ಭತ್ತದ ನಾಟಿ ಜೂನ್ ಮಧ್ಯಕ್ಕೆ ಸರಿಯಿತು. ಕೊಯ್ಲೂ ತಡವಾಗಿ, ಗೋಧಿ ಬಿತ್ತನೆಗೆ ಮೊದಲು ರೈತನಿಗೆ ಸಿಗುವುದು ಎರಡು-ಮೂರು ವಾರ ಮಾತ್ರ. ಕಂಬೈನ್ ಹಾರ್ವೆಸ್ಟರ್ ತೆನೆಯನ್ನಷ್ಟೇ ಕೊಯ್ದು, ಕೂಳೆಯನ್ನು ನಿಂತಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಸಿಲಿಕಾ ಹೆಚ್ಚಿರುವ ಈ ಹುಲ್ಲನ್ನು ಅಲ್ಲಿನವರು ದನಗಳಿಗೆ ಹಾಕುವುದು ಕಡಿಮೆ. ಮೇವಿಗೆ ಗೋಧಿ ಹೊಟ್ಟು ಇದೆ. ಹಾಗಾಗಿ ಬೆಂಕಿ ಹಚ್ಚುವುದೇ ಅಗ್ಗದ ದಾರಿಯಾಯಿತು.

ಸುಡದೆ ಸಾಗಿಸಬೇಕಾದರೆ ಮೊದಲು ಟ್ರಾಕ್ಟರ್‌ಗೆ ಕಟ್ಟಿದ ಯಂತ್ರವೊಂದು ಕೂಳೆಯನ್ನು ಬುಡಮಟ್ಟ ಕತ್ತರಿಸಬೇಕು. ಹುಲ್ಲು ಬಿಸಿಲಿಗೆ ಒಣಗಿದ ಮೇಲೆ ಕುಂಟೆಯಂಥ ಇನ್ನೊಂದು ಸಾಧನ ಅದನ್ನು ಸಾಲಾಗಿ ಒಟ್ಟುತ್ತದೆ. ಬೇಲರ್ ಆ ಸಾಲನ್ನು ಎತ್ತಿಕೊಂಡು, ಒತ್ತಿ, ಹುರಿಯಿಂದ ಬಿಗಿದು ಪೆಂಡಿಗಳನ್ನು ಹಿಂದಕ್ಕೆ ಉದುರಿಸುತ್ತ ಸಾಗುತ್ತದೆ. ಮಣ್ಣು ಬೆರೆತರೆ, ತೇವ ಉಳಿದರೆ ಹುಲ್ಲು ಕೆಡುತ್ತದೆ. ಸಿಲಿಕಾ ಯಂತ್ರದ ಅಲಗುಗಳನ್ನೂ ಸವೆಸುತ್ತದೆ. ಕೆಲವೇ ವಾರಗಳಲ್ಲಿ ಸಂಗ್ರಹಿಸಿದ ಹುಲ್ಲು ವರ್ಷವಿಡೀ ಘಟಕವನ್ನು ನಡೆಸಬೇಕಾದ್ದರಿಂದ ಮಳೆ, ಬೆಂಕಿಗಳಿಂದ ಕಾಪಾಡುವ ವಿಶಾಲ ದಾಸ್ತಾನು ಜಾಗ ಬೇಕು.

ಕರ್ನಾಟಕದಲ್ಲಿ ಭತ್ತದ ಹುಲ್ಲು ಬಣವೆ ಸೇರಿ ದನಗಳ ಮೇವಾಗುವುದು ವಾಡಿಕೆ. ಆದರೆ ಯಂತ್ರದ ಕೊಯ್ಲು ಹೆಚ್ಚಿದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹುಲ್ಲು ಸುಡುವುದು ಇಲ್ಲಿಯೂ ಕಾಣುತ್ತಿದೆ. ಬೇಲರ್ ಸಕಾಲಕ್ಕೆ ಗದ್ದೆಗೆ ಬರಬೇಕು, ಪೆಂಡಿಗೆ ಸಿಗುವ ಬೆಲೆ ರೈತನ ಕೂಲಿ, ಬಾಡಿಗೆಗಳನ್ನು ತುಂಬಿಕೊಡಬೇಕು. ಇವೆರಡೂ ಇಲ್ಲದೆ, ಕೂಳೆ ಸುಟ್ಟರೆ ಬೀಳುವ ದಂಡದ ಹೆದರಿಕೆಯೊಂದರಿಂದಲೇ ಗದ್ದೆಯ ಬೆಂಕಿ ಆರದು.