ಸಿಹಿಮೂತ್ರ, ಏಡಿಗಂತಿ ಮತ್ತು ಮೂವರು ವಿದ್ಯಾರ್ಥಿಗಳು

ಮನುಷ್ಯನನ್ನು ಬಹುಕಾಲ ಪೀಡಿಸುವ ರೋಗಗಳ ಮೂಲವನ್ನು ಅರಸುವುದು ತಲೆ ನರೆತ ಪಂಡಿತರ ಕೆಲಸವೆಂದು ನಾವು ಭಾವಿಸುವುದುಂಟು. ವೈದ್ಯವಿಜ್ಞಾನದ ಇತಿಹಾಸವು ಈ ಭಾವನೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಸಿಹಿಮೂತ್ರರೋಗ ಹಾಗೂ ರಕ್ತದ ಒಂದು ಬಗೆಯ ಏಡಿಗಂತಿ, ಈ ಎರಡರ ಕಥೆಯಲ್ಲಿಯೂ ಮೊದಲ ಎಳೆಯನ್ನು ಹಿಡಿದವರು ವಿದ್ಯಾರ್ಥಿದಶೆಯನ್ನು ದಾಟದ ತರುಣರು. ಅವರು ಕಂಡದ್ದೇನು, ಅದರಿಂದ ರೋಗಿಗಳಿಗಾದ ಉಪಕಾರವೇನು ಎಂಬುದನ್ನು ಇಲ್ಲಿ ನೋಡೋಣ.

1869ರಲ್ಲಿ ಬರ್ಲಿನ್ ನಗರದಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ 21 ವರ್ಷದ ವೈದ್ಯವಿದ್ಯಾರ್ಥಿ ಮೊಲದ ಮೇದೋಜೀರಕಾಂಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ತನ್ನ ಪದವಿಗಾಗಿ ಪ್ರಬಂಧವೊಂದನ್ನು ಬರೆದನು. ಜಠರದ ಹಿಂಬದಿಯಲ್ಲಿರುವ ಈ ಗ್ರಂಥಿಯು ಜೀರ್ಣರಸವನ್ನು ತಯಾರಿಸಿ ನಾಳದ ಮೂಲಕ ಕರುಳಿಗೆ ಕಳುಹಿಸುತ್ತದೆಂಬುದು ಆಗಲೇ ತಿಳಿದಿತ್ತು. ಆದರೆ ರಸವನ್ನು ತಯಾರಿಸುವ ಜೀವಕೋಶಗಳ ನಡುವೆ, ಸಮುದ್ರದಲ್ಲಿ ದ್ವೀಪಗಳು ಚದರಿದಂತೆ, ಬೇರೊಂದು ಜಾತಿಯ ಕೋಶಗಳ ಸಣ್ಣ ಸಣ್ಣ ಗುಂಪುಗಳು ಅವನಿಗೆ ಕಾಣಿಸಿದವು. ಅವನು ಅವುಗಳ ಆಕಾರವನ್ನು ಜಾಗರೂಕತೆಯಿಂದ ವರ್ಣಿಸಿದನು. ಅವುಗಳ ಕಾರ್ಯವೇನೆಂಬುದು ತನಗೆ ತಿಳಿಯದೆಂದು ಸಂಕೋಚವಿಲ್ಲದೆ ಒಪ್ಪಿಕೊಂಡನು.

ಲಾಂಗರ್‌ಹಾನ್ಸ್ 1888ರಲ್ಲಿ, 41 ವರ್ಷ ತುಂಬುವ ಮೊದಲೇ, ತೀರಿಕೊಂಡನು. ಮರುವರ್ಷ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವೈದ್ಯರು ನಾಯಿಯೊಂದರ ಮೇದೋಜೀರಕಾಂಗವನ್ನು ಕತ್ತರಿಸಿ ತೆಗೆದಾಗ ಅದಕ್ಕೆ ತೀವ್ರವಾದ ಸಿಹಿಮೂತ್ರರೋಗ ತಗುಲಿತು. 1893ರಲ್ಲಿ ಫ್ರಾನ್ಸಿನ ಲಾಗೆಸ್ ಎಂಬ ವಿಜ್ಞಾನಿ ಆ ಕೋಶಪುಂಜಗಳಿಗೆ ‘ಲಾಂಗರ್‌ಹಾನ್ಸ್ ದ್ವೀಪಗಳು’ ಎಂದು ಹೆಸರಿಟ್ಟನು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ವಸ್ತುವೊಂದು ಈ ದ್ವೀಪಗಳಲ್ಲಿ ಹುಟ್ಟುತ್ತಿರಬೇಕೆಂಬ ಊಹೆ ಬಲವಾಯಿತು. ಆದರೆ ಆ ವಸ್ತುವನ್ನು ಹೊರತೆಗೆಯುವ ಯತ್ನಗಳು ಫಲಿಸಲಿಲ್ಲ. ಗ್ರಂಥಿಯನ್ನು ಅರೆದರೆ ಅದರ ಜೀರ್ಣರಸವೇ ಆ ವಸ್ತುವನ್ನು ನಾಶಗೊಳಿಸುತ್ತಿರಬೇಕೆಂದು ಹಲವರು ಭಾವಿಸಿದ್ದರು.

ಈ ತೊಡಕನ್ನು ಬಿಡಿಸಲು 1921ರ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಶಸ್ತ್ರವೈದ್ಯನು ತೊಡಗಿದನು. ಪ್ರಾಧ್ಯಾಪಕ ಮ್ಯಾಕ್ಲಿಯಡ್ ಅವನಿಗೆ ಸಹಾಯಕನಾಗಿ ಒಬ್ಬ ವಿದ್ಯಾರ್ಥಿಯನ್ನು ಕೊಡಲು ಒಪ್ಪಿದರು. ಇದ್ದ ಇಬ್ಬರು ವಿದ್ಯಾರ್ಥಿಗಳಲ್ಲಿ ಮೊದಲು ಹೋಗುವವರು ಯಾರೆಂಬುದು ನಾಣ್ಯ ಚಿಮ್ಮಿ ತೀರ್ಮಾನವಾಯಿತು. ಆ ಸರದಿ ಬಂದದ್ದು 22 ವರ್ಷದ ಚಾರ್ಲ್ಸ್ ಬೆಸ್ಟ್ ಎಂಬವನಿಗೆ. ರಕ್ತದಲ್ಲಿರುವ ಸಕ್ಕರೆಯ ಪ್ರಮಾಣವನ್ನು ಅಳೆಯುವ ವಿಧಾನ ಅವನಿಗೆ ಗೊತ್ತಿತ್ತು. ಬ್ಯಾಂಟಿಂಗ್ ಶಸ್ತ್ರಕ್ರಿಯೆ ಮಾಡುವನು, ಬೆಸ್ಟ್ ಸಕ್ಕರೆಯನ್ನು ಅಳೆಯುವನು. ಇವರ ಸಾರವನ್ನು ಚುಚ್ಚಿದಾಗ ಸಿಹಿಮೂತ್ರದ ನಾಯಿಗಳ ರಕ್ತದಲ್ಲಿ ಸಕ್ಕರೆ ಇಳಿಯಿತು.

ಈ ರೋಗ ತಗುಲಿದ ಮಕ್ಕಳಿಗೆ ಆಗ ಇದ್ದ ಮುಖ್ಯ ಚಿಕಿತ್ಸೆಯೆಂದರೆ ಹೆಚ್ಚುಕಡಮೆ ಉಪವಾಸವೇ. ಅದು ಸಾವನ್ನು ಕೆಲವು ಕಾಲ ಮುಂದಕ್ಕೆ ತಳ್ಳುತ್ತಿತ್ತು, ಅಷ್ಟೇ. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಈ ಸಾರವನ್ನು ಮೊದಲ ಬಾರಿಗೆ ಕೊಡಲಾಯಿತು. ಫಲ ಅತ್ಯಲ್ಪ. ಕಾಲಿಪ್ ಎಂಬ ರಸಾಯನವಿಜ್ಞಾನಿಯು ಅದನ್ನು ಮತ್ತಷ್ಟು ಶುದ್ಧಿಗೊಳಿಸಿದ ಮೇಲೆ, ಜನವರಿ 23ರಂದು ಪುನಃ ಕೊಟ್ಟಾಗ ಬಾಲಕನ ರಕ್ತದ ಸಕ್ಕರೆ ಗಣನೀಯವಾಗಿ ಇಳಿಯಿತು. ಅವನು ಇನ್ನೂ 13 ವರ್ಷ ಬದುಕಿದನು. ಇದೇ ಇನ್ಸುಲಿನ್. 1923ರ ನೊಬೆಲ್ ಪಾರಿತೋಷಕ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಇಬ್ಬರಿಗೆ ದೊರೆಯಿತು. ಬ್ಯಾಂಟಿಂಗ್ ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೂ, ಮ್ಯಾಕ್ಲಿಯಡ್ ತಮ್ಮ ಪಾಲಿನಲ್ಲಿ ಅರ್ಧವನ್ನು ಕಾಲಿಪ್‌ಗೂ ಹಂಚಿಕೊಟ್ಟರು.

ಮೂರನೆಯ ವಿದ್ಯಾರ್ಥಿಯ ಕಥೆ ಅಮೆರಿಕದ ಫಿಲಡೆಲ್ಫಿಯ ನಗರದ್ದು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ರೋಗಶಾಸ್ತ್ರಜ್ಞನಾಗಿದ್ದ ಪೀಟರ್ ನೋವೆಲ್ ರಕ್ತದ ಏಡಿಗಂತಿಯ ಕೋಶಗಳನ್ನು ಬೆಳೆಸುತ್ತಿದ್ದನು. ಗಾಜಿನ ಪಟ್ಟಿಕೆಯನ್ನು ನಲ್ಲಿಯ ನೀರಿನಲ್ಲಿ ತೊಳೆದಾಗ ಕೋಶಗಳು ನೀರು ಹೀರಿ ಉಬ್ಬಿದವು. ಒಳಗಿನ ವರ್ಣತಂತುಗಳು ಒಂದರಿಂದೊಂದು ಬೇರ್ಪಟ್ಟು ಸ್ಪಷ್ಟವಾಗಿ ತೋರಿದವು. ಅವುಗಳ ವಿಷಯದಲ್ಲಿ ನೋವೆಲ್‌ಗೆ ಪರಿಣತಿ ಇರಲಿಲ್ಲ. ಆದುದರಿಂದ ಮಾನವ ವರ್ಣತಂತುಗಳನ್ನು ಕುರಿತು ಸಂಶೋಧನಪ್ರಬಂಧವನ್ನು ಸಿದ್ಧಪಡಿಸುತ್ತಿದ್ದ ಡೇವಿಡ್ ಹಂಗರ್‌ಫರ್ಡ್ ಎಂಬ ವಿದ್ಯಾರ್ಥಿಯನ್ನು ಜೊತೆಗೆ ಕರೆದುಕೊಂಡನು. ಮನುಷ್ಯನಲ್ಲಿ 46 ವರ್ಣತಂತುಗಳಿವೆಯೆಂದು ಖಚಿತವಾದದ್ದೇ 1956ರಲ್ಲಿ. ಅಂತಹ ಹೊಸ ಶಾಸ್ತ್ರದಲ್ಲಿ ಕಣ್ಣು ಪಳಗಿದವರು ವಿರಳ. ದೀರ್ಘಕಾಲಿಕ ರಕ್ತದ ಏಡಿಗಂತಿಯ ಒಂದು ಬಗೆಯಲ್ಲಿ, ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿರುವುದನ್ನು ಹಂಗರ್‌ಫರ್ಡ್ ಗುರುತಿಸಿದನು. 1960ರಲ್ಲಿ ಇಬ್ಬರೂ ಏಳು ರೋಗಿಗಳ ಆಧಾರದ ಮೇಲೆ ಇದನ್ನು ಪ್ರಕಟಿಸಿದರು. ‘ಫಿಲಡೆಲ್ಫಿಯ ವರ್ಣತಂತು’ ಎಂಬ ಹೆಸರು ಇದಕ್ಕೆ ನಿಂತಿತು.

ಗಿಡ್ಡಾದ ತಂತುವಿನ ತುಂಡು ಎಲ್ಲಿ ಹೋಯಿತು? 1973ರಲ್ಲಿ ಷಿಕಾಗೊವಿನ ಜ್ಯಾನೆಟ್ ರೌಲಿ ಎಂಬ ವಿಜ್ಞಾನಿ ಉತ್ತರವಿತ್ತರು. 22ನೆಯ ವರ್ಣತಂತು ಮತ್ತು 9ನೆಯ ವರ್ಣತಂತು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿದ್ದವು. ದೂರದೂರವಿದ್ದ ಎರಡು ಜೀನುಗಳು ಇದರಿಂದ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂಬುದು 1980ರ ದಶಕದಲ್ಲಿ ತಿಳಿಯಿತು. ಬೆಸೆದ ಜೀನಿನಿಂದ ತಯಾರಾಗುವ ಕಿಣ್ವವು ‘ವಿಭಜಿಸು’ ಎಂಬ ಆಜ್ಞೆಯನ್ನು ಬಿಳಿಯ ರಕ್ತಕಣಗಳಿಗೆ ಬಿಡುವಿಲ್ಲದೆ ಕೊಡುತ್ತಿರುತ್ತದೆ. ಬೀಗದ ಕಿಂಡಿಯನ್ನು ಮುಚ್ಚಿದಂತೆ ಆ ಕಿಣ್ವದ ಕ್ರಿಯಾಸ್ಥಾನವನ್ನು ಅಡ್ಡಗಟ್ಟುವ ಔಷಧಿಯೇ ಇಮಾಟಿನಿಬ್. ಇದನ್ನು 1998ರಲ್ಲಿ ರೋಗಿಗಳ ಮೇಲೆ ಪರೀಕ್ಷಿಸಲು ಆರಂಭಿಸಿದರು. ಬೇರೆ ಚಿಕಿತ್ಸೆ ಫಲಿಸದೆ ಬಂದು ತಕ್ಕ ಪ್ರಮಾಣದಲ್ಲಿ ಔಷಧಿ ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಸಂಖ್ಯೆ ಸಹಜಸ್ಥಿತಿಗೆ ಮರಳಿತು. 2001ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿ ದೊರೆಯಿತು. ಒಂದು ಕಾಲದಲ್ಲಿ ಕೆಲವೇ ವರ್ಷಗಳಲ್ಲಿ ಕೊಲ್ಲುತ್ತಿದ್ದ ಈ ರೋಗ, ಔಷಧಿ ಚೆನ್ನಾಗಿ ಹಿಡಿಯುವವರಲ್ಲಿ ಈಗ ದಿನವೂ ಮಾತ್ರೆ ನುಂಗಿ ಬಾಳುವಂತಹದಾಗಿದೆ.

ಎಲ್ಲ ಏಡಿಗಂತಿಗಳೂ ಹೀಗೆಯೇ ಮಣಿಯುವುವೆಂದು ತಿಳಿಯಬಾರದು. ಬಹುಪಾಲು ಏಡಿಗಂತಿಗಳಲ್ಲಿ ಕೆಡುವ ಜೀನುಗಳು ಹಲವು. ಒಂದು ಬಾಗಿಲನ್ನು ಮುಚ್ಚಿದರೆ ಅವು ಇನ್ನೊಂದನ್ನು ತೆರೆದುಕೊಳ್ಳುತ್ತವೆ. ಇನ್ಸುಲಿನ್ ಕೂಡ ಸಿಹಿಮೂತ್ರವನ್ನು ಬೇರುಸಹಿತ ಕೀಳುವುದಿಲ್ಲ, ರೋಗಿಯನ್ನು ಬದುಕಿಸುತ್ತದೆ.

ಹಂಗರ್‌ಫರ್ಡ್ 1993ರಲ್ಲಿ ಮರಣಹೊಂದಿದನು. ತಾನು ಗುರುತಿಸಿದ ಗಿಡ್ಡ ತಂತುವಿನಿಂದ ಹುಟ್ಟಿದ ಔಷಧಿಯನ್ನು ಅವನು ಕಾಣಲಿಲ್ಲ. ತನ್ನ ದ್ವೀಪಗಳ ಕಾರ್ಯವನ್ನು ಲಾಂಗರ್‌ಹಾನ್ಸ್‌ನೂ ಅರಿಯಲಿಲ್ಲ. ಇಬ್ಬರೂ ಕಂಡದ್ದನ್ನು ಕಂಡಷ್ಟೇ ಬರೆದಿಟ್ಟರು. ಮುಂದೆ ಬಂದವರು ಆ ಬರಹವನ್ನು ನಂಬಿ ಕೆಲಸ ಮಾಡಲು ಸಾಧ್ಯವಾದದ್ದು ಅದರಿಂದಲೇ. ಇಂದು ಸೂಕ್ಷ್ಮದರ್ಶಕದ ಮುಂದೆ ಕುಳಿತಿರುವ ನಮ್ಮ ವಿದ್ಯಾರ್ಥಿಗೂ, ಅವನಿಗೆ ವಿಷಯವನ್ನು ಕೊಟ್ಟ ಗುರುವಿಗೂ, ಇದು ನೆನಪಿನಲ್ಲಿರತಕ್ಕ ಸಂಗತಿ.