ಇರೋಷನ್ ಎಂಬ ಇಲಿ

ಮೊನ್ನೆ ನನ್ನ ಮೊಮ್ಮಗಳು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ‘ರಿವರ್ಸ್ ಈರೋಡ್ ರಾಕ್ಸ್’ ಎಂದವಳೇ ನಿಲ್ಲಿಸಿ, “ತಾತ, ಈರೋಡ್ ತಮಿಳುನಾಡಿನ ಊರಲ್ವಾ? ಇಲ್ಲಿಗ್ಯಾಕೆ ಬಂತು?” ಎಂದು ಕೇಳಿದಳು. ನನಗೆ ನಗು ಬಂತು. ಆದರೆ ತಪ್ಪು ಅವಳದಲ್ಲ. ಕಾವೇರಿ ದಡದ ಈರೋಡಿಗೂ ‘ಸವೆಸು’ ಎಂಬ ಅರ್ಥದ ‘ಇರೋಡ್’ ಪದಕ್ಕೂ ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ಒಂದೇ. ಸಂಬಂಧ ಮಾತ್ರ ಏನೂ ಇಲ್ಲ.

ಇರೋಡ್ ಕ್ರಿಯಾಪದ, ಇರೋಷನ್ ಅದರ ನಾಮಪದ. ಮೂಲ ಲ್ಯಾಟಿನ್ನಿನ ‘ರೋಡೆರೆ’. ಹಾಗೆಂದರೆ ಹಲ್ಲಿನಿಂದ ಕೊರೆದು ತಿನ್ನುವುದು. ಇಲಿ, ಅಳಿಲುಗಳ ಗುಂಪಿಗೆ ‘ರೋಡೆಂಟ್’ ಎಂಬ ಹೆಸರು ಬಂದದ್ದೂ ಇದೇ ಬೇರಿನಿಂದ. ಲೋಹವನ್ನು ತಿನ್ನುವ ‘ಕರೋಷನ್’ ಕೂಡ ಇದರ ದಾಯಾದಿ. ಇಲಿ ಒಂದೇ ರಾತ್ರಿಗೆ ರಾಗಿ ಮೂಟೆ ಖಾಲಿ ಮಾಡುವುದಿಲ್ಲ. ದಿನಕ್ಕಿಷ್ಟು ತಿನ್ನುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ಮೂಟೆ ಅರ್ಧವಾಗಿರುತ್ತದೆ.

ನಮ್ಮ ಸೀಮೆಯಲ್ಲೇ ಇದನ್ನು ನೋಡಬಹುದು. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುತ್ತಾಳೆ. ಮಳವಳ್ಳಿ ತಾಲ್ಲೂಕಿನ ಕಡೆ ಗಗನಚುಕ್ಕಿ, ಆಚೆ ಭರಚುಕ್ಕಿ. ನೀರಿಗೆ ಹಲ್ಲಿಲ್ಲ. ಅದು ಹೊತ್ತು ತರುವ ಮರಳು, ಕಲ್ಲಿನ ಚೂರುಗಳೇ ಅದರ ಹಲ್ಲು. ಅವು ಉಜ್ಜಿ ಉಜ್ಜಿ ಗಟ್ಟಿ ಬಂಡೆಯೂ ಸವೆಯುತ್ತದೆ. ಜೋರು ಮಳೆಗೆ ಹೊಲದ ಮೇಲ್ಮಣ್ಣು ಹಳ್ಳ ಸೇರುವುದೂ ಇರೋಷನ್ನೇ. ಅದಕ್ಕೇ ನಮ್ಮ ಹಿರಿಯರು ಬದು ಹಾಕಿದ್ದು, ಇಳಿಜಾರಿಗೆ ಅಡ್ಡಡ್ಡವಾಗಿ ಉಳುತ್ತಿದ್ದದ್ದು.

ಆದರೆ ಹಾಳಾದದ್ದೆಲ್ಲ ಇರೋಷನ್ ಅಲ್ಲ. ನಾಲೆ ಬಯಲಿನ ಗದ್ದೆಯಲ್ಲಿ ನೀರು ಬಸಿಯದೆ ನಿಂತು, ಉಪ್ಪು ಮೇಲೆದ್ದು ನೆಲ ಚೌಳಾಗುತ್ತದಲ್ಲ, ಅದು ‘ಡಿಗ್ರಡೇಷನ್’. ಮಣ್ಣು ಅಲ್ಲೇ ಇದೆ, ಅದರ ಗುಣ ಮೆಟ್ಟಿಲು ಇಳಿದಿದೆ. ಹಲ್ಲಿನ ವಿಷಯವೂ ಹಾಗೆಯೇ. ಬ್ಯಾಕ್ಟೀರಿಯಾದಿಂದ ಹುಳುಕಾದರೆ ‘ಡಿಕೇ’. ಹುಳಿಯಾದ ತಂಪು ಪಾನೀಯ ಕುಡಿದೂ ಕುಡಿದೂ ಎನಾಮಲ್ ತೆಳುವಾದರೆ ‘ಇರೋಷನ್’. ಪತ್ರಿಕೆಗಳಲ್ಲಿ ‘ಇರೋಷನ್ ಆಫ್ ಟ್ರಸ್ಟ್’ ಎಂದು ಬರೆದರೆ ನಂಬಿಕೆ ಒಮ್ಮೆಲೇ ಮುರಿಯಲಿಲ್ಲ, ಚೂರುಚೂರೇ ಕರಗಿತು ಎಂದರ್ಥ.

ನಾನು ಬಿಕಾಂ ಓದಿದವನು. ನಮಗೆ ಗಂಟುಬಿದ್ದದ್ದು ಇನ್ನೊಂದು ಪದ, ‘ಡಿಪ್ರಿಸಿಯೇಷನ್’. 10,000 ರೂಪಾಯಿಯ ಯಂತ್ರದ ಬೆಲೆಯನ್ನು ವರ್ಷಕ್ಕೆ ಶೇ 10ರಂತೆ ಇಳಿಸುತ್ತ ಹೋದರೆ 9,000, ಆಮೇಲೆ 8,100, ಆಮೇಲೆ 7,290. ಕನ್ನಡದಲ್ಲಿ ಇದಕ್ಕೂ ಸವಕಳಿ, ಮಣ್ಣು ಕೊಚ್ಚಿಹೋಗುವುದಕ್ಕೂ ಸವಕಳಿ. ಇಂಗ್ಲಿಷಿಗೆ ಎರಡು ಪದ ಬೇಕಾದಲ್ಲಿ ನಮಗೆ ಒಂದೇ ಸಾಕು.

ಇದನ್ನೆಲ್ಲ ಹೇಳುವಾಗ ನನಗೆ ಮದ್ದೂರಿನಲ್ಲಿ ಕಂಡ ಅಜ್ಜಿಯೊಬ್ಬರ ನೆನಪಾಯಿತು. ಪಡಿತರಕ್ಕೆ ನಿಂತಿದ್ದರು. ಹತ್ತೂ ಬೆರಳು ಒತ್ತಿದರೂ ಯಂತ್ರ ಒಪ್ಪಲಿಲ್ಲ. ಹಿಂದಿನವರು ಗೊಣಗಿದರು. ನಾಲ್ಕು ದಿನ ಬಿಟ್ಟು ಬನ್ನಿ ಎಂದು ಅವರನ್ನು ಬರಿಗೈಯಲ್ಲಿ ಕಳಿಸಿದರು. ನಾನು ಅವರ ಕೈ ನೋಡಿದೆ. ಬೆರಳ ತುದಿ ಗೆರೆಯೇ ಇಲ್ಲದೆ ನುಣ್ಣಗಾಗಿತ್ತು. “ಗೆರೆ ಎಲ್ಲಾ ಕಬ್ಬಿನ್ ಗದ್ದೇಲೇ ಉಳ್ಕಂಡ್ವು ಕಣಪ್ಪ” ಎಂದು ಅವರು ಚೀಲ ಮಡಚಿಕೊಂಡು ಹೊರಟರು. ಬ್ಯಾಂಕಿನಲ್ಲಿ ಎಷ್ಟೋ ಜನರ ಹೆಬ್ಬೆಟ್ಟಿಗೆ ಶಾಯಿ ಸವರಿ ಒತ್ತಿಸಿಕೊಂಡವನು ನಾನು. ಗುರುತು ಸರಿಯಾಗಿ ಮೂಡದಿದ್ದರೆ “ಸರಿಯಾಗಿ ಒತ್ತಿ” ಎಂದು ಗದರಿದ್ದೂ ಉಂಟು. ಆಗ ಅವರ ಬೆರಳನ್ನು ತಿರುಗಿಸಿ ನೋಡಿರಲಿಲ್ಲ.

ಮೊಮ್ಮಗಳು, “ಹಾಗಾದ್ರೆ ಅಜ್ಜಿ ಬೆರಳಿಗೆ ಇರೋಷನ್ ಆಗಿದ್ಯಾ?” ಎಂದಳು.

ಇಲ್ಲ ಎಂದೆ. ಇರೋಷನ್ನಿನಲ್ಲಿ ಯಾವುದೋ ಒಂದು ಇಲಿ ತಿಂದುಹೋಗಿರುತ್ತದೆ, ಉಳಿಯುವುದು ನಷ್ಟವೊಂದೇ. ನಮ್ಮ ‘ಸವೆ’ಗೆ ಇನ್ನೊಂದು ಅರ್ಥವಿದೆ. ದಾರಿ ಸವೆಸಿದೆವು ಎಂದರೆ ದಾರಿ ಕಳೆದುಕೊಂಡೆವು ಎಂದಲ್ಲ, ನಡೆದು ಮುಗಿಸಿದೆವು ಎಂದು. ಆ ಅಜ್ಜಿಯ ಬೆರಳು ಸವೆದದ್ದು ದುಡಿದು.

ಮಕ್ಕಳೇ, ಸಾಲಿನಲ್ಲಿ ನಿಮ್ಮ ಮುಂದೆ ಹಿರಿಯರೊಬ್ಬರ ಬೆರಳನ್ನು ಯಂತ್ರ ಒಪ್ಪದಿದ್ದರೆ ಅವಸರ ಮಾಡಬೇಡಿ. ಕಣ್ಣಿನ ಗುರುತಿನಿಂದಲೋ ಮೊಬೈಲಿಗೆ ಬರುವ ಓಟಿಪಿಯಿಂದಲೋ ಆಗುತ್ತದೆಯೇ ಎಂದು ಅವರ ಪರವಾಗಿ ನೀವೇ ಕೇಳಿ. ಆ ದಿನ ನಾನು ಕೇಳಬೇಕಿತ್ತು. ಕೇಳಲಿಲ್ಲ.